ಬಿ.ವಿ. ಕಾರಂತರ ಬಯೋಡೇಟಾದಲ್ಲಿ ನಾವು ಓದದೆ ಬಿಟ್ಟ ಸಾಲು: ನಾಟಕದ ಮೇಷ್ಟ್ರು

ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ನಮಗೆ ಪ್ಲೇಸ್‌ಮೆಂಟಿನವರು ಹೇಳಿಕೊಟ್ಟ ಮೊದಲ ಪಾಠ, ಬಯೋಡೇಟಾ ಒಂದೇ ಪುಟದಲ್ಲಿ ಮುಗಿಯಬೇಕು ಅನ್ನೋದು. ದೊಡ್ಡದನ್ನು ಮೇಲೆ ಹಾಕು, ಚಿಕ್ಕದನ್ನು ಅಳಿಸು. ಈ ಲೆಕ್ಕದಲ್ಲಿ ಬಿ.ವಿ. ಕಾರಂತರ ಬದುಕನ್ನು ಒಂದು ಪುಟಕ್ಕೆ ಇಳಿಸಿ ನೋಡಿ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕ. ಭೋಪಾಲದ ಭಾರತ ಭವನದಲ್ಲಿ ರಂಗಮಂಡಲ ಕಟ್ಟಿದವರು. ಮೈಸೂರಿನ ರಂಗಾಯಣದ ಮೊದಲ ನಿರ್ದೇಶಕ. ‘ಚೋಮನ ದುಡಿ’ಗೆ ಸ್ವರ್ಣಕಮಲ. ಪದ್ಮಶ್ರೀ. ನೂರಕ್ಕೂ ಹೆಚ್ಚು ನಾಟಕಗಳು. ಪುಟ ತುಂಬಿತು. ಜಾಗ ಸಾಲದೆ ಮೊದಲು ಉದುರಿಹೋಗುವ ಸಾಲು ಯಾವುದು ಗೊತ್ತಾ? ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಕೆಲ ಕಾಲ ಮಕ್ಕಳಿಗೆ ನಾಟಕ ಹೇಳಿಕೊಡುವ ಮೇಷ್ಟ್ರಾಗಿದ್ದರು ಅನ್ನೋದು.

ನಾನು ಆ ಸಾಲಿನ ಬಗ್ಗೆಯೇ ಬರೆಯಬೇಕು ಅಂತ ಕೂತಿದ್ದೇನೆ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಕನ್ನಡಕ್ಕೆ ಇಬ್ಬರು ಕಾರಂತರು, ಇಬ್ಬರೂ ದಕ್ಷಿಣ ಕನ್ನಡದ ಕಡೆಯವರು. ಶಿವರಾಮ ಕಾರಂತರು ‘ಚೋಮನ ದುಡಿ’ ಕಾದಂಬರಿ ಬರೆದವರು, ಬಿ.ವಿ. ಕಾರಂತರು ಅದನ್ನು 1975ರಲ್ಲಿ ಸಿನಿಮಾ ಮಾಡಿದವರು. ಹಿರಿಯ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗಗಳನ್ನು ನಡೆಸುತ್ತಿದ್ದ ಆ ದಶಕಗಳಲ್ಲೇ, ಅಲ್ಲಿಂದ ತುಂಬಾ ದೂರವೇನೂ ಇಲ್ಲದ ಬಂಟ್ವಾಳ ತಾಲೂಕಿನ ಮಂಚಿ ಎಂಬ ಹಳ್ಳಿಯಲ್ಲಿ ಕಿರಿಯ ಕಾರಂತರ ಬಾಲ್ಯ ಕಳೆಯಿತು. ಹುಟ್ಟಿದ್ದು 1929ರಲ್ಲಿ. ಪೂರ್ತಿ ಹೆಸರು ಬಾಬುಕೋಡಿ ವೆಂಕಟರಮಣ ಕಾರಂತ.

ಮೂರನೇ ಕ್ಲಾಸಿನಲ್ಲಿದ್ದಾಗ ಈ ಹುಡುಗ ಕುವೆಂಪು ಅವರ ‘ನನ್ನ ಗೋಪಾಲ’ ನಾಟಕದಲ್ಲಿ ಪಾತ್ರ ಮಾಡಿದ. ಆಡಿಸಿದವರು ಪಿ.ಕೆ. ನಾರಾಯಣ ಎಂಬುವರು. ಮಕ್ಕಳಿಗೆಂದೇ ಬರೆದ ನಾಟಕ ಅದು. ಕಾಡಿನ ದಾರಿಯಲ್ಲಿ ಒಬ್ಬನೇ ಶಾಲೆಗೆ ಹೋಗಲು ಹೆದರುವ ಬಡ ಹುಡುಗನೊಬ್ಬನ ಕಥೆ. ಯಕ್ಷಗಾನದ ಚೆಂಡೆ ಸದ್ದು ಕಿವಿಗೆ ಬೀಳುತ್ತಲೇ ಇರುವ ಸೀಮೆಯಲ್ಲಿ ವೇಷ ಅನ್ನೋದು ಹುಡುಗನಿಗೆ ಹೊಸದಾಗಿರಲಿಕ್ಕಿಲ್ಲ. ಆದರೆ ನೋಡುವುದೇ ಬೇರೆ, ತಾನೇ ಮುಖಕ್ಕೆ ಬಣ್ಣ ಹಚ್ಚಿಕೊಂಡು ಜನರ ಮುಂದೆ ನಿಲ್ಲುವುದೇ ಬೇರೆ. ಅದಾದ ಮೇಲೆ ಈ ಹುಡುಗ ಊರಿನಲ್ಲಿ ನಿಲ್ಲಲಿಲ್ಲ. ಮನೆ ಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿಕೊಂಡ.

ಗುಬ್ಬಿ ಕಂಪನಿಯನ್ನು ಇವತ್ತು ನಾವು ಹಳೆ ಕಾಲದ ಮನರಂಜನೆಯ ಲೆಕ್ಕದಲ್ಲಿ ನೋಡುತ್ತೇವೆ. ನಿಜಕ್ಕೂ ಅದು ನೂರಾರು ಮಕ್ಕಳ ಪಾಲಿಗೆ ಸ್ಕೂಲೇ ಆಗಿತ್ತು. ಶಾಲೆಯಲ್ಲಿ ನಾಲ್ಕಕ್ಷರಕ್ಕಿಂತ ಹೆಚ್ಚು ಕಲಿಯಲಾಗದ ರಾಜ್‌ಕುಮಾರ್‌ಗೆ ಕನ್ನಡದ ಉಚ್ಚಾರಣೆ, ಹಾಡು, ಪೌರಾಣಿಕ ಕಥೆಗಳನ್ನೆಲ್ಲ ಕಲಿಸಿದ್ದು ಆ ಕಂಪನಿಯೇ ತಾನೇ. ಬೆಳಗ್ಗೆ ಅಭ್ಯಾಸ, ರಾತ್ರಿ ನಾಟಕ, ನಡುವೆ ಪರದೆ ಎಳೆಯುವುದರಿಂದ ಹಿಡಿದು ಸಕಲ ಕೆಲಸ. ಕಷ್ಟದ ಬದುಕು. ಬಾಲನಟರ ಬಾಲ್ಯವನ್ನು ಕಂಪನಿ ದುಡಿಸಿಕೊಳ್ಳುತ್ತಿತ್ತು ಅಂತಲೂ ವಾದಿಸಬಹುದು, ಆ ವಾದ ಪೂರ್ತಿ ಸುಳ್ಳಲ್ಲ. ಆದರೆ ಕಾರಂತರ ವಿಷಯದಲ್ಲಿ ವೀರಣ್ಣ ಮಾಡಿದ್ದು ವಿಚಿತ್ರ ಕೆಲಸ. ಕೈಗೆ ಬಂದ ನಟನನ್ನು ಮುಂದೆ ಓದು ಅಂತ ಬನಾರಸಿಗೆ ಕಳಿಸಿಬಿಟ್ಟರು. ಎರಡು ವರ್ಷದ ಬಾಂಡ್ ಬರೆಸಿಕೊಂಡು ಕೆಲಸಕ್ಕೆ ತೆಗೆದುಕೊಳ್ಳುವ ಕಂಪನಿಯಲ್ಲಿ ದುಡಿದು ಬಂದ ನನಗೆ ಇದನ್ನು ಓದುವಾಗ ಹೊಟ್ಟೆಕಿಚ್ಚಾಯಿತು.

ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಹಿಂದಿ ಎಂ.ಎ. ಅದರ ಜೊತೆಗೆ ಪಂಡಿತ್ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತ. ಆಮೇಲೆ ದೆಹಲಿಗೆ ಹೋಗಿ ರಾಷ್ಟ್ರೀಯ ನಾಟಕ ಶಾಲೆ ಸೇರಿ 1962ರಲ್ಲಿ ಅಲ್ಲಿಂದ ಹೊರಬಂದರು. ಮಂಚಿಯ ಯಕ್ಷಗಾನ, ಗುಬ್ಬಿಯ ಹಾರ್ಮೋನಿಯಂ, ಬನಾರಸಿನ ರಾಗ, ದೆಹಲಿಯ ಆಧುನಿಕ ರಂಗಶಿಕ್ಷಣ. ಒಬ್ಬನೇ ಮನುಷ್ಯ ನಾಲ್ಕು ಬೇರೆ ಬೇರೆ ಶಾಲೆಗಳಲ್ಲಿ ಕಲಿತ ಹಾಗಾಯಿತು.

ಈ ಜಾಗದಲ್ಲಿ ಇನ್ನೊಬ್ಬರ ಕಥೆ ಹೇಳದಿದ್ದರೆ ತಪ್ಪಾಗುತ್ತದೆ. ಪ್ರೇಮಾ ಕಾರಂತ. ಕಾರಂತರಿಗೆ ಪರಿಚಯವಾದಾಗ ಅವರು ಬೆಂಗಳೂರಿನಲ್ಲಿ ಶಾಲಾ ಟೀಚರ್. ಅಪ್ಪ-ಅಮ್ಮ ಇಲ್ಲದೆ ಅಜ್ಜ-ಅಜ್ಜಿಯ ಮನೆಯಲ್ಲಿ ಬೆಳೆದು, ಸ್ವಂತ ಕಾಲ ಮೇಲೆ ನಿಂತಿದ್ದ ಹೆಣ್ಣುಮಗಳು. ಗಂಡ ಎನ್‌ಎಸ್‌ಡಿಯಲ್ಲಿ ನಾಟಕ ಕಲಿಯುತ್ತಿದ್ದಾಗ ದೆಹಲಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು ಪ್ರೇಮಾ. ಆಮೇಲೆ ತಾವೂ ಅದೇ ಎನ್‌ಎಸ್‌ಡಿಯಲ್ಲಿ ಕಲಿತರು. ಕಾರಂತರನ್ನು ರಂಗಭೀಷ್ಮ ಅಂತೆಲ್ಲ ಕರೆದ ನಾವು, ಆ ಮನೆಯಲ್ಲಿ ನಿಜವಾಗಿ ತರಗತಿಯ ಕಪ್ಪುಹಲಗೆ ಮುಂದೆ ವರ್ಷಗಟ್ಟಲೆ ನಿಂತವರು ಯಾರು ಅಂತ ಕೇಳಿಕೊಳ್ಳಲೇ ಇಲ್ಲ.

ಈಗ ಆ ಸಾಲಿಗೆ ಬರೋಣ. 1970ರ ಆಸುಪಾಸಿನಲ್ಲಿ ಕಾರಂತರು ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ನಾಟಕದ ಮೇಷ್ಟ್ರು. ಶಾಲೆಯ ನಾಟಕ ಅಂದರೆ ನಮ್ಮ ನಿಮ್ಮ ನೆನಪಿನಲ್ಲಿ ಏನಿದೆ? ಸ್ಕೂಲ್ ಡೇ. ಮೂವರು ಬೆಳ್ಳಗಿನ, ಮಾತು ಚೆನ್ನಾಗಿ ಬರುವ ಮಕ್ಕಳಿಗೆ ರಾಜ, ರಾಣಿ, ಮಂತ್ರಿ ಪಾತ್ರ. ಉಳಿದವರು ಮರ. ನಾನೂ ಒಂದು ವರ್ಷ ಮರವಾಗಿದ್ದೆ, ಹಸಿರು ರಟ್ಟು ಕಟ್ಟಿಕೊಂಡು ಮುಕ್ಕಾಲು ಗಂಟೆ ಅಲ್ಲಾಡದೆ ನಿಂತಿದ್ದೆ. ಅಲ್ಲಾಡಿದ್ದಕ್ಕೆ ಪಕ್ಕದ ಮರ ಬೈಸಿಕೊಂಡಿತು.

ಕಾರಂತರ ರಂಗಭೂಮಿಯಲ್ಲಿ ಮರ ಸುಮ್ಮನೆ ನಿಲ್ಲುವುದಿಲ್ಲ. ಅವರ ನಾಟಕಗಳನ್ನು ನೋಡಿದವರಿಗೆ ಮೊದಲು ನೆನಪಾಗುವುದು ಗುಂಪು, ಮೇಳ. ಪಕ್ಕವಾದ್ಯದವರು ತಂದ ಸಂಗೀತವನ್ನು ನಟರ ಮೇಲೆ ಹೊದಿಸುವುದು ಅವರ ರೀತಿಯಲ್ಲ. ನಟರೇ ಹಾಡಬೇಕು, ಕಲ್ಲಿಗೆ ಕಲ್ಲು ತಾಗಿಸಿ, ಬಿದಿರು ಕುಟ್ಟಿ, ತೆಂಗಿನ ಚಿಪ್ಪು ಬಡಿದು, ಬಾಯಲ್ಲೇ ಗಾಳಿ-ಮಳೆ ಮಾಡಿ ಸದ್ದು ಹುಟ್ಟಿಸಬೇಕು. ಶಾರೀರ ಚೆನ್ನಾಗಿಲ್ಲ ಅಂತ ಯಾರನ್ನೂ ಹೊರಗೆ ಕೂರಿಸುವ ಹಾಗಿಲ್ಲ, ಗೊಗ್ಗರು ದನಿಗೂ ಅಲ್ಲೊಂದು ಕೆಲಸ ಇದೆ. ನಲವತ್ತು ಮಕ್ಕಳ ಕ್ಲಾಸು ನಡೆಸಿದ ಯಾವ ಟೀಚರಿಗಾದರೂ ಈ ವಿಧಾನ ತಕ್ಷಣ ಅರ್ಥವಾಗುತ್ತದೆ. ಶಾಲೆಯಲ್ಲಿ ದುಡ್ಡಿಲ್ಲ, ವಾದ್ಯ ಇಲ್ಲ, ಎಲ್ಲರಿಗೂ ಹಾಡಲು ಬರಲ್ಲ, ಆದರೆ ಎಲ್ಲರೂ ಭಾಗವಹಿಸಲೇಬೇಕು. ಕಾರಂತರ ರಂಗಸಂಗೀತವನ್ನು ವಿದ್ವಾಂಸರು ಕಂಪನಿ ನಾಟಕ ಮತ್ತು ಜಾನಪದದ ಬೇರುಗಳಿಂದ ವಿವರಿಸುತ್ತಾರೆ, ಸರಿಯೇ. ಮಕ್ಕಳ ಜೊತೆ ಮಾಡಿದ ಕೆಲಸವನ್ನೂ ಅದಕ್ಕೆ ಸೇರಿಸಬೇಕು ಅನ್ನೋದು ನನ್ನ ವಾದ. ಮುಂದೆ ಅವರು ರಘುವೀರ್ ಸಹಾಯ್ ಅನುವಾದಿಸಿದ ಮ್ಯಾಕ್‌ಬೆತ್ ನಾಟಕವನ್ನು ಯಕ್ಷಗಾನದ ನಡೆಗಳಲ್ಲಿ ಹಿಂದಿಯಲ್ಲಿ ಆಡಿಸಿದರು. ಆ ನಾಟಕದ ಹೆಸರು ರಾಜನದ್ದಲ್ಲ, ಕಾಡಿನದ್ದು: ‘ಬರ್ನಂ ವನ’. ಮರವಾಗಿ ನಿಂತು ಬಂದ ನನಗೆ ಆ ಹೆಸರು ಬಹಳ ಇಷ್ಟ.

ಮಕ್ಕಳಿಗಾಗಿ ಕಾರಂತರು ಮಾಡಿದ ನಾಟಕಗಳಲ್ಲಿ ‘ನೀಲಿ ಕುದುರೆ’, ‘ಹೆಡ್ಡಾಯಣ’, ‘ಅಳಿಲು ರಾಮಾಯಣ’ ಇವೆ. ಆದರೆ ಎಲ್ಲಕ್ಕಿಂತ ಹೆಚ್ಚು ಓಡಿದ್ದು, ಇವತ್ತಿಗೂ ಎಲ್ಲೋ ಒಂದು ಬೇಸಿಗೆ ಶಿಬಿರದಲ್ಲಿ ಆಡುತ್ತಲೇ ಇರುವುದು ‘ಪಂಜರ ಶಾಲೆ’. ಮೂಲ ಕಥೆ ರವೀಂದ್ರನಾಥ ಠಾಕೂರರದ್ದು. ಒಬ್ಬ ರಾಜ. ಅವನ ರಾಜ್ಯದಲ್ಲೊಂದು ಗಿಳಿ. ಅದು ಹಾಡುತ್ತೆ, ಹಾರುತ್ತೆ, ಹಣ್ಣು ತಿನ್ನುತ್ತೆ, ಆದರೆ ಶಾಸ್ತ್ರ ಗೊತ್ತಿಲ್ಲ. ಇದಕ್ಕೆ ಶಿಕ್ಷಣ ಕೊಡಿ ಅಂತ ರಾಜನ ಆಜ್ಞೆಯಾಗುತ್ತದೆ. ಪಂಡಿತರು ಕೂಡುತ್ತಾರೆ, ಬಂಗಾರದ ಪಂಜರ ಬರುತ್ತದೆ, ಗ್ರಂಥಗಳ ರಾಶಿ ಬೀಳುತ್ತದೆ. ಪಂಜರ ಮಾಡಿದವನಿಗೆ ದುಡ್ಡು, ನಕಲು ಮಾಡುವವರಿಗೆ ದುಡ್ಡು, ಮೇಲ್ವಿಚಾರಣೆಗೆ ನಿಂತ ರಾಜನ ನೆಂಟರಿಗೆ ದುಡ್ಡು. ಗಿಳಿಯ ಬಾಯಿಗೆ ಮಾತ್ರ ಹಾಳೆಗಳು. ಕೊನೆಗೆ ರಾಜ ಬಂದು ಮುಟ್ಟಿ ನೋಡುವ ಹೊತ್ತಿಗೆ ಗಿಳಿ ಸತ್ತಿದೆ, ಹೊಟ್ಟೆಯಲ್ಲಿ ಕಾಗದ ಸರಸರ ಅನ್ನುತ್ತಿದೆ.

ಈ ಕಥೆ 1918ರದ್ದು. ಕೋಚಿಂಗ್ ಸೆಂಟರುಗಳ ಹೋರ್ಡಿಂಗ್ ಕೆಳಗೆ ನಿಂತು ಬಸ್ಸಿಗೆ ಕಾಯುವಾಗ ಇದು ನೆನಪಾಗದೆ ಇರುವುದು ಕಷ್ಟ. ಪಿಯುಸಿ ಎರಡು ವರ್ಷ ನಾನಿದ್ದ ಹಾಸ್ಟೆಲ್ಲಿನಲ್ಲಿ ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದರವರೆಗೆ ಪ್ರಾಬ್ಲಂ ಬಿಡಿಸುತ್ತಿದ್ದೆವು. ಅಲ್ಲೊಂದು ಹಾರ್ಮೋನಿಯಂ ಇತ್ತು. ಪ್ರಿನ್ಸಿಪಾಲರ ರೂಮಿನ ಬೀರುವಿನ ಮೇಲೆ, ಬಟ್ಟೆ ಮುಚ್ಚಿಕೊಂಡು. ಎರಡು ವರ್ಷದಲ್ಲಿ ಒಮ್ಮೆಯೂ ಅದರ ಸದ್ದು ಕೇಳಲಿಲ್ಲ.

ಠಾಕೂರರ ಕಥೆಯನ್ನು ದೊಡ್ಡವರು ಓದಿ ತಲೆದೂಗಿ ಮರೆಯಬಹುದು. ಕಾರಂತರು ಅದನ್ನು ಮಕ್ಕಳ ಕೈಗೇ ಕೊಟ್ಟರು. ಪಂಡಿತನ ಪಾತ್ರವನ್ನು ಹತ್ತು ವರ್ಷದ ಹುಡುಗಿ ಮಾಡುತ್ತಾಳೆ, ರಾಜನ ಗತ್ತನ್ನು ಏಳನೇ ಕ್ಲಾಸಿನವನು ಅಣಕಿಸುತ್ತಾನೆ. ತಮ್ಮ ಮೇಲೆ ದಿನಾ ನಡೆಯುವ ವ್ಯವಹಾರವನ್ನು ತಾವೇ ಆಡಿ, ಅಪ್ಪ-ಅಮ್ಮ, ಟೀಚರುಗಳನ್ನು ಎದುರಿಗೆ ಕೂರಿಸಿ ತೋರಿಸುತ್ತಾರೆ. ಮಕ್ಕಳ ನಾಟಕ ಅಂದರೆ ನೀತಿ ಹೇಳುವ ಮುದ್ದು ಕಾರ್ಯಕ್ರಮ ಅಂದುಕೊಂಡವರಿಗೆ ಇದರಲ್ಲಿರುವ ರಾಜಕೀಯ ಕಾಣುವುದಿಲ್ಲ.

ಪೊಲೀಸರಿಗೆ ಮಾತ್ರ ಬೇಗ ಕಾಣುತ್ತೆ. 2020ರ ಜನವರಿಯಲ್ಲಿ ಬೀದರ್‌ನ ಶಾಲೆಯೊಂದರ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ಪುಟ್ಟ ನಾಟಕ ಆಡಿದ್ದು ನಿಮಗೆ ನೆನಪಿರಬಹುದು. ದೇಶದ್ರೋಹದ ಕೇಸು ಬಿತ್ತು. ಮುಖ್ಯ ಶಿಕ್ಷಕಿ ಮತ್ತು ಒಬ್ಬ ವಿದ್ಯಾರ್ಥಿನಿಯ ತಾಯಿ ಜೈಲಿಗೆ ಹೋದರು, ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಮಕ್ಕಳನ್ನು ಪ್ರಶ್ನಿಸಿದರು. 2023ರಲ್ಲಿ ಹೈಕೋರ್ಟು ಕೇಸನ್ನು ರದ್ದು ಮಾಡಿತು. ನಡುವೆ ಕಳೆದುಹೋದ ಮೂರು ವರ್ಷದಲ್ಲಿ ರಾಜ್ಯದ ಎಷ್ಟು ಟೀಚರುಗಳು ಸ್ಕೂಲ್ ಡೇ ನಾಟಕದ ಹಸ್ತಪ್ರತಿಯನ್ನು ಸುಮ್ಮನೆ ಮಡಚಿಟ್ಟಿರಬಹುದು ಅಂತ ಯೋಚಿಸಿ.

ಕಾರಂತರ ಕಾಲಕ್ಕೆ ವಾಪಸ್ ಹೋಗೋಣ. 1970ರ ದಶಕದ ಆರಂಭದಲ್ಲಿ ದಂಪತಿ ಬೆಂಗಳೂರಿಗೆ ಬಂದರು. ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಲಂಕೇಶರ ‘ಸಂಕ್ರಾಂತಿ’, ಕಂಬಾರರ ‘ಜೋಕುಮಾರಸ್ವಾಮಿ’, ಗ್ರೀಕ್ ದುರಂತದ ‘ಈಡಿಪಸ್’ ಆಡಿಸಿದ್ದು, ಕನ್ನಡದ ನಾಟಕವನ್ನೇ ತಿರುಗಿಸಿದ್ದು ಎಲ್ಲರಿಗೂ ಗೊತ್ತಿರುವ ಚರಿತ್ರೆ. ‘ಹಯವದನ’, ‘ಸತ್ತವರ ನೆರಳು’, ‘ಗೋಕುಲ ನಿರ್ಗಮನ’ದ ಬಗ್ಗೆ ಪುಸ್ತಕಗಳೇ ಇವೆ, ನಾನು ಸೇರಿಸುವುದು ಏನೂ ಇಲ್ಲ. ಆ ಹೊತ್ತಿನಲ್ಲಿ ಹುಟ್ಟಿದ ಬೆನಕ ತಂಡ ಇವತ್ತಿಗೂ ನಾಟಕ ಆಡುತ್ತಿದೆ. 1977ರಲ್ಲಿ ಕಾರಂತರು ಎನ್‌ಎಸ್‌ಡಿ ನಿರ್ದೇಶಕರಾಗಿ ಮತ್ತೆ ದೆಹಲಿಗೆ ಹೋದರು. ರಾಜಧಾನಿಯ ಆ ಸಂಸ್ಥೆಯನ್ನು ಎತ್ತಿಕೊಂಡು ದೂರದ ತಮಿಳುನಾಡಿನವರೆಗೆ ಕಮ್ಮಟಗಳನ್ನು ನಡೆಸಿದರು.

ಬೆಂಗಳೂರಿನಲ್ಲಿ ಮಕ್ಕಳ ಕೆಲಸವನ್ನು ಕೈಗೆತ್ತಿಕೊಂಡವರು ಪ್ರೇಮಾ. ಬೆನಕ ಮಕ್ಕಳ ಕೇಂದ್ರ ಅವರು ಕಟ್ಟಿದ್ದು. ಆಸ್ಕರ್ ವೈಲ್ಡ್‌ನ ಸ್ವಾರ್ಥಿ ದೈತ್ಯನ ಕಥೆಯ ‘ಜೈಂಟ್ ಮಾಮ’, ‘ಅಲಿಬಾಬಾ’ ಇಂಥವುಗಳನ್ನು ನಗರದ ಮಕ್ಕಳಿಂದ ಆಡಿಸಿದರು. 1983ರಲ್ಲಿ ಎಂ.ಕೆ. ಇಂದಿರಾ ಕಾದಂಬರಿಯಿಂದ ‘ಫಣಿಯಮ್ಮ’ ಸಿನಿಮಾ ಮಾಡಿ ಹೆಸರಾದರು. ಆದರೆ ಮಕ್ಕಳನ್ನು ಬಿಡಲಿಲ್ಲ. ಗಂಡ ಊರೂರು ತಿರುಗಿ ಸಂಸ್ಥೆ ಕಟ್ಟಿ ಬಿಟ್ಟು ಮುಂದಕ್ಕೆ ಹೋಗುವ ಸ್ವಭಾವದವರು, ಹೆಂಡತಿ ಒಂದೇ ಕಡೆ ಪ್ರತಿವರ್ಷ ಹೊಸ ಮಕ್ಕಳಿಗೆ ಮೊದಲಿನಿಂದ ಶುರುಮಾಡುವವರು. ಶಾಲೆಯ ಕಲೆಗೆ ಇವೆರಡರಲ್ಲಿ ಯಾವ ಸ್ವಭಾವ ಹೆಚ್ಚು ಬೇಕು ಅಂತ ಕೇಳಿದರೆ ನನ್ನ ಓಟು ಪ್ರೇಮಾ ಅವರಿಗೆ.

ಭೋಪಾಲದ ಅಧ್ಯಾಯವನ್ನು ಮುಚ್ಚಿಟ್ಟು ಕಾರಂತರ ಕಥೆ ಹೇಳುವುದು ಸರಿಯಲ್ಲ. 1980ರ ದಶಕದ ಆರಂಭದಲ್ಲಿ ಭಾರತ ಭವನದಲ್ಲಿ ರಂಗಮಂಡಲ ಕಟ್ಟಿ, ಮಾಳವಿ, ಬುಂದೇಲಖಂಡಿ, ಛತ್ತೀಸ್‌ಗಢಿ ಮಾತುಗಳಲ್ಲಿ ನಾಟಕ ಆಡಿಸಿದರು. ದೊಡ್ಡ ಕೆಲಸ ಅದು. 1986ರಲ್ಲಿ ಅಲ್ಲಿನ ನಟಿಯೊಬ್ಬರು ತೀವ್ರ ಸುಟ್ಟ ಗಾಯಗಳಿಂದ ಆಸ್ಪತ್ರೆ ಸೇರಿದರು, ಕಾರಂತರ ಬಂಧನವಾಯಿತು. ಆಮೇಲೆ ಆರೋಪದಿಂದ ಖುಲಾಸೆಯಾದರು. ಆದರೆ ಭೋಪಾಲ ಮುಗಿದಿತ್ತು. ಅವರನ್ನು ದೇವರು ಮಾಡಿದವರು ಇದನ್ನು ಹಾರಿಸಿ ಹೋಗುತ್ತಾರೆ, ಇದೊಂದನ್ನೇ ಹಿಡಿದವರು ಉಳಿದದ್ದನ್ನು ಹಾರಿಸುತ್ತಾರೆ.

1989ರಲ್ಲಿ ಕರ್ನಾಟಕ ಅವರನ್ನು ವಾಪಸ್ ಕರೆಯಿತು. ಮೈಸೂರಿನಲ್ಲಿ ರಂಗಾಯಣ. ರಾಜ್ಯದ ಬೇರೆ ಬೇರೆ ಕಡೆಯ ಯುವಕ-ಯುವತಿಯರನ್ನು ಆರಿಸಿ, ಸಂಬಳ ಕೊಟ್ಟು, ಪೂರ್ಣಾವಧಿ ನಟರನ್ನಾಗಿ ಬೆಳೆಸುವ ಸರ್ಕಾರಿ ಸಂಸ್ಥೆ. 1995ರವರೆಗೆ ಅಲ್ಲಿದ್ದರು. ಅಲ್ಲಿ ಪ್ರತಿ ಬೇಸಿಗೆ ನಡೆಯುವ ಚಿಣ್ಣರ ಮೇಳಕ್ಕೆ ಅರ್ಜಿ ತರಲು ಅಪ್ಪ-ಅಮ್ಮಂದಿರು ಕ್ಯೂ ನಿಲ್ಲುವ ಸುದ್ದಿಯನ್ನು ನೀವು ಓದಿರುತ್ತೀರಿ.

ಆ ಕ್ಯೂನಲ್ಲಿ ಯಾರು ಇರುತ್ತಾರೆ, ಯಾರು ಇರುವುದಿಲ್ಲ? ನನಗೆ ಕಾಡುವುದು ಇದು. ಕಾರಂತರು ಮೇಷ್ಟ್ರಾಗಿದ್ದ ದೆಹಲಿಯ ಶಾಲೆ ರಾಜಧಾನಿಯ ಒಳ್ಳೆ ಶಾಲೆಗಳಲ್ಲೊಂದು. ಬೇಸಿಗೆ ಶಿಬಿರಗಳಿಗೆ ಬರುವುದು ಊರಿನ ನಡುವೆ ಇರುವ, ಫೀಸು ಕಟ್ಟಬಲ್ಲ, ಬೆಳಗ್ಗೆ ಬಿಟ್ಟು ಸಂಜೆ ಕರೆದೊಯ್ಯಬಲ್ಲ ಮನೆಗಳ ಮಕ್ಕಳೇ ಹೆಚ್ಚು. ಮಂಚಿಯಂಥ ಹಳ್ಳಿಯ ಮೂರನೇ ಕ್ಲಾಸಿನ ಹುಡುಗನ ಹತ್ತಿರಕ್ಕೆ ನಾಟಕ ಹೋಗಬೇಕಾದರೆ ಶಾಲೆಯ ಮೂಲಕವೇ ಹೋಗಬೇಕು, ಟೈಮ್‌ಟೇಬಲ್ಲಿನ ಒಳಗಿಂದಲೇ ಹೋಗಬೇಕು.

ಕಾಗದದಲ್ಲಿ ಎಲ್ಲ ಇದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿವರೆಗೆ ಕಲೆ ಕಡ್ಡಾಯ ವಿಷಯವಾಗಬೇಕು ಅಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಓದಿ: 6ರಿಂದ 8ನೇ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲೆ, ದೈಹಿಕ ಶಿಕ್ಷಣ, ವೃತ್ತಿ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕು. ಕಾನೂನು ಕೂಡ ಕಲೆಗೆ ಕೊಟ್ಟದ್ದು ಅರ್ಧ ಕಾಲವನ್ನೇ, ಅದೂ ನೂರು ಮಕ್ಕಳ ಗೆರೆ ದಾಟಿದರೆ. ಮಕ್ಕಳ ಸಂಖ್ಯೆ ಕುಸಿಯುತ್ತಿರುವ ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ ಎಷ್ಟು ಆ ಗೆರೆ ದಾಟುತ್ತವೆ? 2020ರ ಶಿಕ್ಷಣ ನೀತಿ ಕಲೆಯನ್ನು ಎಲ್ಲ ವಿಷಯಗಳ ಜೊತೆ ಬೆಸೆಯಬೇಕು ಅನ್ನುತ್ತದೆ. ಕೇಳಲು ಚೆಂದ. ಆದರೆ ಬೆಸೆಯುವವರು ಯಾರು? ಗಣಿತದ ಟೀಚರ್ ಬಿಸಿಯೂಟದ ಲೆಕ್ಕ ಬರೆದು, ಸಮೀಕ್ಷೆ ಮುಗಿಸಿ, ಚುನಾವಣೆ ಡ್ಯೂಟಿ ಮಾಡಿ ಬಂದು ಬೆಸೆಯಬೇಕು.

ಕರ್ನಾಟಕದಲ್ಲಿ ರಂಗಶಿಕ್ಷಣ ಪಡೆದ ಕೆಲವರನ್ನು ಸರ್ಕಾರಿ ಹೈಸ್ಕೂಲುಗಳಿಗೆ ನಾಟಕ ಶಿಕ್ಷಕರಾಗಿ ತೆಗೆದುಕೊಂಡದ್ದುಂಟು. ಸಾವಿರಾರು ಹೈಸ್ಕೂಲುಗಳ ರಾಜ್ಯದಲ್ಲಿ ಅವರ ಸಂಖ್ಯೆ ತೀರಾ ಕಡಿಮೆ, ಆದರೂ ಅವರಿದ್ದ ಶಾಲೆಗಳಲ್ಲಿ ಒಳ್ಳೆ ನಾಟಕಗಳು ಹುಟ್ಟಿವೆ. ಹೆಗ್ಗೋಡಿನ ನೀನಾಸಂ, ಎನ್‌ಎಸ್‌ಡಿ ಅಂತ ಕಲಿತು ಬಂದ ಎಷ್ಟೋ ಹುಡುಗ-ಹುಡುಗಿಯರು ಈಗ ಖಾಸಗಿ ಶಾಲೆಗಳಿಗೆ ಗಂಟೆ ಲೆಕ್ಕದಲ್ಲಿ ಹೋಗಿ ವಾರ್ಷಿಕೋತ್ಸವಕ್ಕೆ ನಾಟಕ ಮಾಡಿಸಿ ಬರುತ್ತಾರೆ, ಉಳಿದ ದಿನ ಧಾರಾವಾಹಿಯಲ್ಲಿ ಸಣ್ಣ ಪಾತ್ರ ಹುಡುಕುತ್ತಾರೆ. ಕಲಿಸಬಲ್ಲವರು ಒಂದು ಕಡೆ ಖಾಲಿ ಕೂತಿದ್ದಾರೆ, ಕಲಿಯಬೇಕಾದವರು ಇನ್ನೊಂದು ಕಡೆ ಇದ್ದಾರೆ, ನಡುವೆ ಒಂದು ಸರ್ಕಾರಿ ಆದೇಶ ಬೇಕು. ನಿಮ್ಮ ಕ್ಷೇತ್ರದ ಶಾಸಕರು ಕಾಲೇಜು ಕಟ್ಟಡದ ಗುದ್ದಲಿ ಪೂಜೆಗೆ ಬಂದಾಗ ಇದನ್ನು ಕೇಳಿ ನೋಡಿ. ಮೊದಲು ಪ್ರಶ್ನೆಯೇ ಅರ್ಥವಾಗದ ಹಾಗೆ ನೋಡುತ್ತಾರೆ, ನಾನು ಕೇಳಿ ನೋಡಿದ್ದೇನೆ.

ಕಾರಂತರು 2002ರ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಈಗ ಮೊದಲ ಬಾರಿ ಓಟು ಹಾಕುವ ಹುಡುಗರು ಆಗಿನ್ನೂ ಹುಟ್ಟಿರಲಿಲ್ಲ. ಐದು ವರ್ಷದ ನಂತರ, 2007ರಲ್ಲಿ, ಪ್ರೇಮಾ ಹೋದರು. ವೈದೇಹಿ ಅವರ ನಿರೂಪಣೆಯಲ್ಲಿ ಬಂದ ಕಾರಂತರ ಆತ್ಮಕಥೆಯ ಹೆಸರು ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’. ಮಂಚಿ, ಗುಬ್ಬಿ ಕಂಪನಿ, ಬನಾರಸ್, ದೆಹಲಿ, ಬೆಂಗಳೂರು, ಭೋಪಾಲ, ಮೈಸೂರು ಅಂತ ಎಲ್ಲೂ ನಿಲ್ಲದ ಮನುಷ್ಯನಿಗೆ ಒಪ್ಪುವ ಹೆಸರು.

ಈ ಅಂಕಣಕ್ಕೆ ಅಂತ ಓದುತ್ತಾ ಹೋದಾಗ ಒಂದು ವಿಷಯ ಗಮನಕ್ಕೆ ಬಂತು. ಕಾರಂತರ ಪರಿಚಯ ಬರೆದವರೆಲ್ಲ ‘ನನ್ನ ಗೋಪಾಲ’ವನ್ನು ಒಂದು ವಾಕ್ಯದಲ್ಲಿ ಹೇಳಿ, ಮುಂದಿನ ವಾಕ್ಯದಲ್ಲಿ ಗುಬ್ಬಿ ಕಂಪನಿಗೆ ಹೋಗಿಬಿಡುತ್ತಾರೆ. ಹಳ್ಳಿಯ ಮೂರನೇ ಕ್ಲಾಸಿನ ಹುಡುಗನೊಬ್ಬನನ್ನು ಹಿಡಿದು ನಿಲ್ಲಿಸಿ ನಾಟಕ ಕಲಿಸಿದ ಪಿ.ಕೆ. ನಾರಾಯಣ ಅವರಿಗೆ ಸಿಗುವುದು ಒಂದು ಹೆಸರಿನಷ್ಟು ಜಾಗ. ಮೇಲೆ ನಾನೂ ಅದನ್ನೇ ಮಾಡಿದ್ದೇನೆ, ಬೇಕಾದರೆ ಹಿಂದೆ ಹೋಗಿ ನೋಡಿ.